ನೇಗಿಲು-ಟ್ರ್ಯಾಕ್ಟರುಗಳನ್ನು ಒಂದುಗೂಡಿಸಿದ ಹ್ಯಾರಿ ಫರ್ಗುಸನ್

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹೊಲಗಳಿಗೆ ಟ್ರ್ಯಾಕ್ಟರು ಈಗ ಹೊಸ ವಸ್ತುವಲ್ಲ. ಮನೆಯಲ್ಲಿ ಎತ್ತಿನ ಜೋಡಿ ಇಲ್ಲದವರೂ ಬಾಡಿಗೆಯ ಟ್ರ್ಯಾಕ್ಟರು ಕರೆಸಿ ನೇಗಿಲು ಹೊಡೆಸುತ್ತಾರೆ. ವಿದ್ಯಾರ್ಥಿಗಳೇ, ಆ ಯಂತ್ರದ ಹಿಂಬದಿಯನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಕೆಳಗೆ ಎರಡು ಕಬ್ಬಿಣದ ತೋಳುಗಳಿವೆ. ಅವುಗಳ ನಡುವೆ ಮೇಲ್ಭಾಗದಲ್ಲಿ ಇನ್ನೊಂದು ತೋಳಿದೆ. ಈ ಮೂರು ತೋಳುಗಳಿಗೆ ನೇಗಿಲನ್ನೋ ಕುಂಟೆಯನ್ನೋ ಕೂರಿಗೆಯನ್ನೋ ಸಿಕ್ಕಿಸುತ್ತಾರೆ. ಡ್ರೈವರನು ಆಸನದ ಪಕ್ಕದ ಸಣ್ಣ ಲಿವರನ್ನು ಸರಿಸಿದರೆ ಸಾಕು, ಇಬ್ಬರು ಗಂಡಾಳುಗಳು ಸೇರಿದರೂ ಎತ್ತಲಾಗದ ಆ ಭಾರ ಸದ್ದಿಲ್ಲದೆ ಮೇಲೇಳುತ್ತದೆ. ಇದನ್ನು ಕಂಡುಹಿಡಿದವನು ಯಾವ ವಿಶ್ವವಿದ್ಯಾಲಯದಲ್ಲಿಯೂ ಓದಿದವನಲ್ಲ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟ ಒಬ್ಬ ಒಕ್ಕಲಿಗನ ಮಗ. ಆತನೇ ಹ್ಯಾರಿ ಫರ್ಗುಸನ್.

ಬಾಲ್ಯ ಮತ್ತು ಯೌವನ

ಹ್ಯಾರಿ ಫರ್ಗುಸನ್ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಉತ್ತರ ಭಾಗದ ಡೌನ್ ಪ್ರಾಂತದಲ್ಲಿ, ಡ್ರೊಮೋರ್ ಪಟ್ಟಣದ ಹತ್ತಿರದ ಗ್ರೋವೆಲ್ ಎಂಬ ಹಳ್ಳಿಯಲ್ಲಿ. ತಂದೆ ಜೇಮ್ಸ್ ಫರ್ಗುಸನ್ ಸ್ವಂತ ಹೊಲದಲ್ಲಿ ದುಡಿಯುತ್ತಿದ್ದ ರೈತ, ದೈವಭಕ್ತ, ಶಿಸ್ತಿನಲ್ಲಿ ಬಹು ಕಠಿಣ. ಆ ದಂಪತಿಗಳ ಹನ್ನೊಂದು ಮಕ್ಕಳಲ್ಲಿ ಹ್ಯಾರಿ ನಾಲ್ಕನೆಯವನು. ಶಾಲೆ ಬಿಟ್ಟ ಮೇಲೆ ತಂದೆಯ ಹೊಲದಲ್ಲೇ ಕೆಲಸಕ್ಕೆ ನಿಂತನು. ಆದರೆ ಕುಳ್ಳಗಿನ, ಸಪೂರ ಮೈಕಟ್ಟಿನ ಆ ಹುಡುಗನಿಗೆ ಹೊಲದ ದುಡಿತ ಒಗ್ಗಲಿಲ್ಲ. ಬೆಳಗಿನಿಂದ ಬೈಗಿನವರೆಗೆ ಕುದುರೆಯ ಹಿಂದೆ ನೇಗಿಲು ಹಿಡಿದು ನಡೆಯುವ ಬವಣೆ ಅವನ ಮನಸ್ಸಿನಲ್ಲಿ ಆಳವಾಗಿ ಕುಳಿತಿತು. ಒಕ್ಕಲುತನದಲ್ಲಿ ಇಷ್ಟೊಂದು ಕಷ್ಟ ಏಕಿರಬೇಕು ಎಂಬ ಪ್ರಶ್ನೆಯನ್ನು ಅವನು ಕೊನೆಯವರೆಗೂ ಬಿಡಲಿಲ್ಲ.

1902ರಲ್ಲಿ ಅವನ ಅಣ್ಣ ಜೋ ಬೆಲ್‌ಫಾಸ್ಟ್ ನಗರದಲ್ಲಿ ಸೈಕಲ್ಲು ಮತ್ತು ಮೋಟಾರುಗಳನ್ನು ರಿಪೇರಿ ಮಾಡುವ ಅಂಗಡಿಯನ್ನು ನಡೆಸುತ್ತಿದ್ದನು. ಹ್ಯಾರಿ ಅಲ್ಲಿ ಕೆಲಸ ಕಲಿಯಲು ಸೇರಿದನು. ಎಂಜಿನ್ನಿನ ಸದ್ದು ಕೇಳಿಯೇ ಅದರ ದೋಷವನ್ನು ಗುರುತಿಸುವ ಶಕ್ತಿ ಅವನಲ್ಲಿತ್ತು. ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಭಾಗವಹಿಸಿ ಅಂಗಡಿಗೆ ಹೆಸರು ತಂದನು. ಅಷ್ಟರಲ್ಲಿ ಅಮೆರಿಕದ ರೈಟ್ ಸಹೋದರರು ವಿಮಾನ ಹಾರಿಸಿದ ಸುದ್ದಿ ಎಲ್ಲೆಡೆ ಹಬ್ಬಿತ್ತು. ಹ್ಯಾರಿ ತಾನೂ ಒಂದು ವಿಮಾನವನ್ನು ಕಟ್ಟಿದನು. 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋ ಎಂಬಲ್ಲಿ ಬಿರುಗಾಳಿಯಂಥ ಹವೆಯಲ್ಲೂ ಅದನ್ನು ನೆಲದಿಂದ ಎಬ್ಬಿಸಿ ಸುಮಾರು 130 ಗಜ ಹಾರಿಸಿದನು. ಐರ್ಲೆಂಡಿನ ನೆಲದಲ್ಲಿ ವಿಮಾನ ಹಾರಿಸಿದವರಲ್ಲಿ ಅವನೇ ಮೊದಲಿಗ. ಆಗ ಅವನ ವಯಸ್ಸು ಕೇವಲ ಇಪ್ಪತ್ತೈದು.

ವಿಮಾನದ ಕೆಲಸ ಅವನಿಗೆ ಒಂದು ಪಾಠ ಕಲಿಸಿತು. ಗಾಳಿಯಲ್ಲಿ ಹಾರುವ ಯಂತ್ರದಲ್ಲಿ ಬೇಡದ ಒಂದು ತುಂಡು ಕಬ್ಬಿಣವೂ ಹೊರೆಯೇ. ಬಲವನ್ನು ಭಾರದಿಂದಲ್ಲ, ಜೋಡಣೆಯ ಜಾಣ್ಮೆಯಿಂದ ಪಡೆಯಬೇಕು. ಈ ಪಾಠವನ್ನೇ ಅವನು ಮುಂದೆ ಹೊಲಕ್ಕೆ ತಂದನು.

ಯುದ್ಧ, ಹಸಿವು ಮತ್ತು ಟ್ರ್ಯಾಕ್ಟರು

1911ರಲ್ಲಿ ಫರ್ಗುಸನ್ ಬೆಲ್‌ಫಾಸ್ಟಿನಲ್ಲಿ ಸ್ವಂತ ಮೋಟಾರು ವ್ಯಾಪಾರವನ್ನು ಆರಂಭಿಸಿದನು. ವಿಲ್ಲಿ ಸ್ಯಾಂಡ್ಸ್ ಎಂಬ ಕುಶಲ ಮೆಕ್ಯಾನಿಕ್ ಆಗಲೇ ಅವನ ಬಳಿ ಸೇರಿದನು. ಫರ್ಗುಸನ್ ಯೋಚಿಸುವುದು, ಸ್ಯಾಂಡ್ಸ್ ಅದನ್ನು ಲೋಹದಲ್ಲಿ ಮೂಡಿಸುವುದು: ಹೀಗೆ ಆ ಜೊತೆ ಬಹುಕಾಲ ನಡೆಯಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಹಡಗುಗಳು ಮುಳುಗತೊಡಗಿ ಬ್ರಿಟನ್ನಿಗೆ ಹೊರಗಿನ ಧಾನ್ಯ ಬರುವುದು ಕಠಿಣವಾಯಿತು. ಇದ್ದ ನೆಲದಲ್ಲೇ ಹೆಚ್ಚು ಬೆಳೆಯಬೇಕಾಯಿತು. 1917ರಲ್ಲಿ ಸರಕಾರವು ಐರ್ಲೆಂಡಿನಲ್ಲಿದ್ದ ಟ್ರ್ಯಾಕ್ಟರುಗಳಿಂದ ಹೆಚ್ಚಿನ ಕೆಲಸ ತೆಗೆಯುವ ಹೊಣೆಯನ್ನು ಫರ್ಗುಸನ್ನನಿಗೆ ವಹಿಸಿತು. ಅವನೂ ಸ್ಯಾಂಡ್ಸನೂ ಊರೂರು ತಿರುಗಿ ರೈತರ ಕೆಲಸವನ್ನು ಕಣ್ಣಾರೆ ಕಂಡರು.

ಅವರು ಕಂಡದ್ದೇನು? ಟ್ರ್ಯಾಕ್ಟರು ಬಂದಿತ್ತು; ಆದರೆ ನೇಗಿಲು ಮಾತ್ರ ಕುದುರೆಯ ಕಾಲದ್ದೇ ಆಗಿತ್ತು. ಕುದುರೆಯನ್ನು ಬಿಚ್ಚಿ ಆ ಜಾಗದಲ್ಲಿ ಟ್ರ್ಯಾಕ್ಟರನ್ನು ಸರಪಳಿಯಿಂದ ಕಟ್ಟಿದ್ದರು. ಚಕ್ರಗಳು ಜಾರದಿರಲೆಂದು ಟ್ರ್ಯಾಕ್ಟರನ್ನು ಬಹಳ ಭಾರವಾಗಿ ಮಾಡುತ್ತಿದ್ದರು. ಆ ಭಾರದಿಂದ ಹೊಲದ ಮಣ್ಣು ಗಟ್ಟಿಯಾಗಿ ಒತ್ತಿಹೋಗುತ್ತಿತ್ತು. ಇದಕ್ಕಿಂತ ಘೋರವಾದ ಅಪಾಯ ಇನ್ನೊಂದಿತ್ತು. ಉಳುವಾಗ ನೇಗಿಲು ನೆಲದೊಳಗಿನ ಬಂಡೆಗೆ ಸಿಕ್ಕಿಕೊಂಡರೆ ಹಿಂದಿನ ಚಕ್ರಗಳು ಮುಂದೆ ಸಾಗಲಾರವು. ಎಂಜಿನ್ನಿನ ಬಲವೋ ನಿಲ್ಲುವುದಿಲ್ಲ. ಆಗ ಆ ಬಲವು ಹಿಂದಿನ ಅಚ್ಚಿನ ಸುತ್ತ ಟ್ರ್ಯಾಕ್ಟರನ್ನೇ ಎತ್ತುತ್ತದೆ. ಮುಂದಿನ ಚಕ್ರಗಳು ಮೇಲೇಳುತ್ತವೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಯಂತ್ರವು ಹಿಂದಕ್ಕೆ ಮಗುಚಿ ಡ್ರೈವರನ ಮೇಲೆ ಬೀಳುತ್ತದೆ. ಈ ರೀತಿ ಪ್ರಾಣ ಕಳೆದುಕೊಂಡ ರೈತರು ಹಲವರು.

ಇದಕ್ಕೆ ಮದ್ದು ಹುಡುಕುವುದೇ ಫರ್ಗುಸನ್ನನ ಜೀವನದ ಕೆಲಸವಾಯಿತು. ಟ್ರ್ಯಾಕ್ಟರು ಬೇರೆ, ನೇಗಿಲು ಬೇರೆ ಎಂದು ತಿಳಿದದ್ದೇ ತಪ್ಪು. ಎರಡೂ ಸೇರಿ ಒಂದೇ ಯಂತ್ರವಾಗಬೇಕೆಂದು ಅವನು ನಿಶ್ಚಯಿಸಿದನು.

ಮೂರು ತೋಳುಗಳ ರಹಸ್ಯ

1917ರಲ್ಲಿ ಟ್ರ್ಯಾಕ್ಟರಿಗೆ ನೇರವಾಗಿ ಜೋಡಿಸುವ ಹಗುರವಾದ ನೇಗಿಲೊಂದನ್ನು ಅವನು ತಯಾರಿಸಿದನು. ಅಲ್ಲಿಂದ ಮುಂದೆ ಹತ್ತಾರು ವರ್ಷ ಪ್ರಯೋಗಗಳು ನಡೆದವು. ಅವುಗಳ ಫಲವೇ ಇಂದು ನಾವು ಕಾಣುವ ಮೂರು ತೋಳುಗಳ ಜೋಡಣೆ.

ಇದರ ಕೆಲಸವನ್ನು ಸರಳವಾಗಿ ಹೇಳಬಹುದು. ನೇಗಿಲು ಮಣ್ಣನ್ನು ಸೀಳುವಾಗ ಮಣ್ಣು ಅದನ್ನು ತಡೆಯುತ್ತದೆ. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ಆಗ ನೇಗಿಲಿನ ಮೇಲ್ಭಾಗವು ಮುಂದಕ್ಕೆ ವಾಲಲು ಯತ್ನಿಸಿ ಮೇಲಿನ ತೋಳನ್ನು ಟ್ರ್ಯಾಕ್ಟರಿನ ಕಡೆಗೆ ಒತ್ತುತ್ತದೆ. ಈ ಒತ್ತು ಟ್ರ್ಯಾಕ್ಟರಿನ ಮೂತಿ ಮೇಲೇಳದಂತೆ ತಡೆಹಿಡಿಯುತ್ತದೆ. ನೇಗಿಲಿನ ಭಾರವೂ ಮಣ್ಣಿನ ಸೆಳೆತವೂ ಹಿಂದಿನ ಚಕ್ರಗಳ ಮೇಲೆ ಬಿದ್ದು ಅವುಗಳಿಗೆ ಹಿಡಿತ ಕೊಡುತ್ತವೆ. ಹೀಗೆ ಹಗುರವಾದ ಟ್ರ್ಯಾಕ್ಟರೇ ಭಾರವಾದ ಟ್ರ್ಯಾಕ್ಟರಿನ ಕೆಲಸ ಮಾಡಬಲ್ಲದಾಯಿತು.

ಇನ್ನೊಂದು ತೊಡಕು ಉಳಿಯಿತು. ಹೊಲದ ನೆಲ ಒಂದೇ ಸಮನಾಗಿ ಇರುವುದಿಲ್ಲ. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಗಟ್ಟಿ. ಇದಕ್ಕೆ ಫರ್ಗುಸನ್ ಎಣ್ಣೆಯ ನೆರವು ಪಡೆದನು. ಮೇಲಿನ ತೋಳಿಗೆ ಒಂದು ಸ್ಪ್ರಿಂಗು. ಸ್ಪ್ರಿಂಗಿಗೆ ಒಂದು ವಾಲ್ವು. ನೆಲ ಗಟ್ಟಿಯಾಗಿ ಎಳೆತ ಹೆಚ್ಚಿದರೆ ಸ್ಪ್ರಿಂಗು ಅದುಮುತ್ತದೆ, ವಾಲ್ವು ತೆರೆಯುತ್ತದೆ, ಪಂಪು ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತದೆ, ನೇಗಿಲು ತುಸು ಮೇಲೇಳುತ್ತದೆ. ಎಳೆತ ಕಡಿಮೆಯಾದರೆ ಎಣ್ಣೆ ಹೊರಬಂದು ನೇಗಿಲು ಮತ್ತೆ ಇಳಿಯುತ್ತದೆ. ನೇಗಿಲು ಬಂಡೆಗೆ ಬಡಿದರೆ ತೋಳಿನ ಮೇಲಿನ ಒತ್ತು ಮಿತಿಮೀರಿ, ಎಣ್ಣೆಯ ಒತ್ತಡ ಬಿಟ್ಟುಹೋಗಿ, ಹಿಂದಿನ ಚಕ್ರಗಳ ಮೇಲಿನ ಹೆಚ್ಚುವರಿ ಭಾರ ಇಳಿಯುತ್ತದೆ. ಚಕ್ರಗಳು ನಿಂತಲ್ಲೇ ತಿರುಗುತ್ತವೆಯೇ ಹೊರತು ಟ್ರ್ಯಾಕ್ಟರು ಮಗುಚುವುದಿಲ್ಲ. ಡ್ರೈವರನ ಜೀವ ಉಳಿಯುತ್ತದೆ.

ಕೈಕುಲುಕಿ ಮಾಡಿದ ಒಪ್ಪಂದ

ಈ ವಿಧಾನವನ್ನು ತೋರಿಸಲು ಫರ್ಗುಸನ್ 1933ರಲ್ಲಿ ಸ್ವತಃ ಒಂದು ಟ್ರ್ಯಾಕ್ಟರನ್ನೇ ಕಟ್ಟಿದನು. ಕಪ್ಪು ಬಣ್ಣದ ಆ ಯಂತ್ರ ಒಂದೇ ಒಂದು. 1936ರಿಂದ ಇಂಗ್ಲೆಂಡಿನ ಗೇರ್ ತಯಾರಕ ಡೇವಿಡ್ ಬ್ರೌನ್ ಎಂಬವರ ಜೊತೆ ಸೇರಿ ಮಾರಾಟಕ್ಕೆ ಟ್ರ್ಯಾಕ್ಟರುಗಳನ್ನು ತಯಾರಿಸಿದನು. ಅದರಲ್ಲಿ ಒಂದು ಕೊರತೆ ಇತ್ತು. ಎಣ್ಣೆಯ ಪಂಪು ಟ್ರ್ಯಾಕ್ಟರು ಚಲಿಸುವಾಗ ಮಾತ್ರ ನಡೆಯುತ್ತಿತ್ತು; ನಿಂತಾಗ ನೇಗಿಲು ಏಳುತ್ತಿರಲಿಲ್ಲ. ಬೆಲೆಯೂ ರೈತರಿಗೆ ಹೆಚ್ಚೆನಿಸಿತು. ಸುಮಾರು 1350 ಟ್ರ್ಯಾಕ್ಟರುಗಳು ತಯಾರಾದ ಮೇಲೆ ಇಬ್ಬರಲ್ಲೂ ಭಿನ್ನಾಭಿಪ್ರಾಯ ಬಂದು ಅವರು ಬೇರೆಯಾದರು.

1938ರ ಶರತ್ಕಾಲದಲ್ಲಿ ಫರ್ಗುಸನ್ ತನ್ನ ಟ್ರ್ಯಾಕ್ಟರನ್ನು ಅಮೆರಿಕಕ್ಕೆ ಒಯ್ದು, ಡಿಯರ್‌ಬಾರ್ನಿನಲ್ಲಿದ್ದ ಹೆನ್ರಿ ಫೋರ್ಡರ ಮನೆಯ ಹೊಲದಲ್ಲಿ ಉತ್ತು ತೋರಿಸಿದನು. ರೈತರ ಮನೆಯಲ್ಲೇ ಹುಟ್ಟಿ ಬೆಳೆದಿದ್ದ ಎಪ್ಪತ್ತೈದರ ವೃದ್ಧ ಫೋರ್ಡರಿಗೆ ಅದರ ಬೆಲೆ ತಕ್ಷಣ ತಿಳಿಯಿತು. ಫೋರ್ಡ್ ಟ್ರ್ಯಾಕ್ಟರು ತಯಾರಿಸುವುದು, ಫರ್ಗುಸನ್ ಮಾರುವುದು ಎಂದು ಇಬ್ಬರೂ ಕೈಕುಲುಕಿದರು. ಕಾಗದದ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ. 1939ರ ಜೂನ್ ತಿಂಗಳಲ್ಲಿ ಹೊಸ ಟ್ರ್ಯಾಕ್ಟರು ಹೊರಬಂದಿತು. ಹಿಂದಿನ ಕೊರತೆಯನ್ನು ಅದರಲ್ಲಿ ತಿದ್ದಿದ್ದರು. ಎಂಟು ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಮಾರಾಟವಾದವು.

ಆದರೆ ಕಾಲ ಬದಲಾಯಿತು. ಹಿರಿಯ ಫೋರ್ಡರ ಬಳಿಕ ಮೊಮ್ಮಗ ಎರಡನೆಯ ಹೆನ್ರಿ ಫೋರ್ಡರ ಕೈಗೆ ಕಾರಖಾನೆ ಬಂದಿತು. ಅವರು ಹಳೆಯ ಒಪ್ಪಂದವನ್ನು ಕೊನೆಗೊಳಿಸಿ, ಫರ್ಗುಸನ್ ಪದ್ಧತಿಯ ಜೋಡಣೆಯಿದ್ದ ಟ್ರ್ಯಾಕ್ಟರನ್ನೇ 1947ರಲ್ಲಿ ತಾವೇ ಮಾರತೊಡಗಿದರು. 1948ರಲ್ಲಿ ಫರ್ಗುಸನ್ ದಾವೆ ಹೂಡಿದನು. ಕೇಳಿದ ಪರಿಹಾರ 25 ಕೋಟಿ 10 ಲಕ್ಷ ಡಾಲರು. ನಾಲ್ಕು ವರ್ಷ ಖಟ್ಲೆ ನಡೆದು 1952ರಲ್ಲಿ 92 ಲಕ್ಷ 50 ಸಾವಿರ ಡಾಲರಿಗೆ ರಾಜಿಯಾಯಿತು. ಪಂಪಿನ ರಚನೆಯನ್ನು ಬದಲಾಯಿಸಲು ಫೋರ್ಡ್ ಕಂಪನಿ ಒಪ್ಪಿತು. ಕೇಳಿದ್ದರಲ್ಲಿ ಕೈಗೆ ಬಂದದ್ದು ಅಲ್ಪ. ವ್ಯವಹಾರದಲ್ಲಿ ನಂಬಿಕೆ ಬೇಕು ನಿಜ. ಆದರೆ ನಂಬಿಕೆಯ ಜೊತೆಗೆ ಬರಹವೂ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಡ.

ಬೂದು ಬಣ್ಣದ ಚಿಕ್ಕ ಟ್ರ್ಯಾಕ್ಟರು

ಈ ನಡುವೆ ಇಂಗ್ಲೆಂಡಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಸಹಕಾರ ಅವನಿಗೆ ದೊರೆತಿತ್ತು. 1946ರ ಜುಲೈ ತಿಂಗಳಲ್ಲಿ ಕೊವೆಂಟ್ರಿ ನಗರದ ಬ್ಯಾನರ್ ಲೇನ್ ಕಾರಖಾನೆಯಿಂದ ಟಿ.ಇ. 20 ಎಂಬ ಬೂದು ಬಣ್ಣದ ಟ್ರ್ಯಾಕ್ಟರು ಹೊರಬಿತ್ತು. 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾಗಿ ದೇಶದೇಶಗಳಿಗೆ ಹೋದವು. ಎವರೆಸ್ಟ್ ವೀರ ಎಡ್ಮಂಡ್ ಹಿಲರಿಯವರು 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ಮುಟ್ಟಿದ್ದು ಫರ್ಗುಸನ್ ಟ್ರ್ಯಾಕ್ಟರುಗಳ ಮೇಲೆಯೇ.

ಫರ್ಗುಸನ್ನನ ಬುದ್ಧಿ ಎಷ್ಟು ಸೂಕ್ಷ್ಮವೆಂಬುದಕ್ಕೆ ಇದರ ಗೇರು ಲಿವರೇ ಸಾಕ್ಷಿ. ಗೇರಿನಲ್ಲಿ ಬಿಟ್ಟ ಟ್ರ್ಯಾಕ್ಟರನ್ನು ಅರಿಯದೆ ಚಾಲೂ ಮಾಡಿದರೆ ಅದು ಹಟಾತ್ತನೆ ಮುಂದೆ ನುಗ್ಗಿ ಎದುರಿಗಿದ್ದವರನ್ನು ಕೆಡವುತ್ತದೆ. ಟಿ.ಇ. 20ರಲ್ಲಿ ಎಂಜಿನ್ನನ್ನು ಚಾಲೂ ಮಾಡಬೇಕಾದರೆ ಗೇರು ಲಿವರನ್ನೇ ಒಂದು ಬೇರೆ ಸ್ಥಾನಕ್ಕೆ ಒತ್ತಬೇಕಿತ್ತು. ಲಿವರು ಅಲ್ಲಿಗೆ ಬಂದಿತೆಂದರೆ ಯಾವ ಗೇರಿನಲ್ಲಿಯೂ ಇಲ್ಲವೆಂದೇ ಅರ್ಥ. ಮರೆವಿನಿಂದ ಆಗುವ ಅನಾಹುತಕ್ಕೆ ದಾರಿಯನ್ನೇ ಮುಚ್ಚಿಬಿಟ್ಟನು. ಅದರಂತೆಯೇ ರೈತನು ಹೊಲದಲ್ಲಿ ಮುಟ್ಟಬೇಕಾದ ನಟ್ಟು ಬೋಲ್ಟುಗಳೆಲ್ಲ ಬಹುಮಟ್ಟಿಗೆ ಒಂದೇ ಪಾನಾಕ್ಕೆ ಹೊಂದುವಂತೆ ಮಾಡಿಸಿದನು. ಆ ಪಾನಾದ ಮೇಲೆ ಇಂಚಿನ ಗುರುತುಗಳಿದ್ದು, ನೇಗಿಲನ್ನು ಹೊಂದಿಸುವಾಗ ಅದೇ ಅಳತೆಪಟ್ಟಿಯೂ ಆಗುತ್ತಿತ್ತು.

ಒಂದೇ ಎಣ್ಣೆ, ಹಲವು ಕೆಲಸ

ಟಿ.ಇ. 20ರಲ್ಲಿ ನಾಲ್ಕು ಮುಂದಿನ ಗೇರು, ಒಂದು ಹಿಂದಿನ ಗೇರು. ಗೇರ್ ಬಾಕ್ಸು, ಹಿಂದಿನ ಅಚ್ಚಿನ ಹಲ್ಲುಗಾಲಿಗಳು, ನೇಗಿಲನ್ನು ಎತ್ತುವ ಪಂಪು, ಈ ಮೂರಕ್ಕೂ ಒಂದೇ ಎಣ್ಣೆ. ಪಂಪು ಆ ಎಣ್ಣೆಯಲ್ಲಿ ಮುಳುಗಿಯೇ ಇರುತ್ತಿತ್ತು. ಇದು ಬಹು ಜಾಣತನದ ಏರ್ಪಾಡು. ಜೊತೆಗೆ ಡ್ರೈವರನ ಮೇಲೆ ದೊಡ್ಡ ಹೊಣೆಯನ್ನೂ ಹೊರಿಸಿತು. ಯಾಕೆಂದರೆ ಗೇರಿನ ಹಲ್ಲುಗಳು ಬಯಸುವ ಎಣ್ಣೆ ಬೇರೆ, ಪಂಪು ಬಯಸುವ ಎಣ್ಣೆ ಬೇರೆ. ಹಲ್ಲುಗಳ ನಡುವೆ ಜಜ್ಜಿಹೋಗದೆ ಪದರವಾಗಿ ನಿಲ್ಲಬೇಕಾದರೆ ಎಣ್ಣೆ ದಪ್ಪವಾಗಿರಬೇಕು. ಪಂಪಿನ ಕಿರುದಾರಿಗಳಲ್ಲಿ ಸರಾಗವಾಗಿ ಹರಿಯಬೇಕಾದರೆ ತೆಳುವಾಗಿರಬೇಕು. ಇವೆರಡರ ನಡುವಿನ ಹದವನ್ನು ಗೊತ್ತುಮಾಡಿಯೇ ತಯಾರಕರು ಪುಸ್ತಕದಲ್ಲಿ ಎಣ್ಣೆಯ ಜಾತಿಯನ್ನು ಬರೆದಿರುತ್ತಾರೆ.

ಈ ಏರ್ಪಾಡು ಮುಂದೆ ಅನೇಕ ಟ್ರ್ಯಾಕ್ಟರುಗಳಿಗೆ ಹಬ್ಬಿತು. ಆದ್ದರಿಂದ ಪಾಲಕರು ಕೆಲವು ಮಾತುಗಳನ್ನು ಗಮನಿಸಬೇಕು. ಅಂಗಡಿಯಲ್ಲಿ ಸಿಕ್ಕ ಲಾರಿಯ ಗೇರು ಎಣ್ಣೆಯನ್ನು ತಂದು ಸುರಿಯಬಾರದು. ಹೆಚ್ಚು ಒತ್ತಡ ತಾಳಲೆಂದು ಅಂಥ ಕೆಲವು ಎಣ್ಣೆಗಳಲ್ಲಿ ಬೆರೆಸಿರುವ ಗಂಧಕದ ಅಂಶ ಹಿತ್ತಾಳೆ ಮತ್ತು ಕಂಚಿನ ಬುಷ್ಷುಗಳನ್ನು ತಿನ್ನಬಹುದು. ಎಣ್ಣೆ ಬೇಕಾದದ್ದಕ್ಕಿಂತ ದಪ್ಪವಾದರೆ ಚಳಿಗಾಲದ ಮುಂಜಾನೆ ಗೇರು ಬಿಗಿಯಾಗಿ ಬೀಳುತ್ತದೆ, ಲಿಫ್ಟು ತಡವಾಗಿ ಏಳುತ್ತದೆ. ತೀರ ತೆಳುವಾದರೆ ಬೇಸಿಗೆಯ ಬಿಸಿಗೆ ಇನ್ನೂ ನೀರಾಗಿ, ಹಲ್ಲುಗಳು ಸವೆದು ಗೇರು ಕೂಗತೊಡಗುತ್ತದೆ. ಎಣ್ಣೆಯ ಮಟ್ಟ ಇಳಿದರೆ ಪಂಪು ಗಾಳಿ ಹೀರಿ ನೊರೆಯೆಬ್ಬಿಸುತ್ತದೆ. ಆಗ ನೇಗಿಲು ಜರ್ಕಿನಿಂದ ಏಳುತ್ತದೆ. ಬ್ರೇಕುಗಳು ಎಣ್ಣೆಯಲ್ಲೇ ಮುಳುಗಿರುವ ಟ್ರ್ಯಾಕ್ಟರುಗಳಿಗಂತೂ ಅದಕ್ಕೆಂದೇ ಮಾಡಿದ ಎಣ್ಣೆ ಬೇಕು. ಬೇರೆಯದನ್ನು ಹಾಕಿದರೆ ಬ್ರೇಕು ಕಿರುಗುಟ್ಟುತ್ತದೆ, ಹಿಡಿತ ಕೆಡುತ್ತದೆ.

ಎಣ್ಣೆಯನ್ನು ಪರೀಕ್ಷಿಸುವುದು ಕಠಿಣವಲ್ಲ. ಸಮನೆಲದಲ್ಲಿ ಟ್ರ್ಯಾಕ್ಟರು ನಿಲ್ಲಿಸಿ, ಎಂಜಿನ್ ಬಂದುಮಾಡಿ, ಲಿಫ್ಟನ್ನು ಕೆಳಗಿಳಿಸಿ, ಅಳತೆಕಡ್ಡಿಯನ್ನು ಒರೆಸಿ ನೋಡಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದು ತಿಳಿಯಬೇಕು. ಬೆರಳಿಗೆ ಲೋಹದ ಚೂರು ಹತ್ತಿದರೆ ಒಳಗೆ ಏನೋ ಸವೆಯುತ್ತಿದೆ. ಹೊಸ ಎಣ್ಣೆ ಸುರಿಯುವ ಡಬ್ಬಿ, ಆಲಿಕೆಗಳಲ್ಲಿ ಧೂಳಿರಬಾರದು. ನಮ್ಮ ಎರೆಮಣ್ಣಿನ ಒಂದು ಚಿಟಿಕೆ ಪಂಪನ್ನು ಕೆಡಿಸಬಲ್ಲದು.

ಗೇರು ಬದಲಿಸುವುದರಲ್ಲಿಯೂ ಕ್ರಮವಿದೆ. ಇಂಥ ಹಳೆಯ ಮಾದರಿಯ ಟ್ರ್ಯಾಕ್ಟರಿನಲ್ಲಿ ಕಾರಿನಂತೆ ಓಡುತ್ತಲೇ ಗೇರು ಬದಲಿಸಲಾಗದು. ಕೆಲಸಕ್ಕೆ ತಕ್ಕ ಗೇರನ್ನು ಮೊದಲೇ ಆರಿಸಿ, ಕ್ಲಚ್ಚನ್ನು ಪೂರ್ತಿ ಒತ್ತಿ, ನಿಂತಲ್ಲೇ ಹಾಕಬೇಕು. ಗೇರು ಕರಕರನೆ ಅರೆದರೆ ಕೂಡಲೇ ಎಣ್ಣೆಯನ್ನು ದೂರಬಾರದು. ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೇನೋ ನೋಡಬೇಕು. ಇಳಿಜಾರಿನಲ್ಲಿ ಗೇರು ತಪ್ಪಿಸಿ ಬಿಟ್ಟರೆ ತುಂಬಿದ ಟ್ರಾಲಿ ಟ್ರ್ಯಾಕ್ಟರನ್ನೇ ತಳ್ಳಿಕೊಂಡು ಹೋಗುತ್ತದೆ. ಕಬ್ಬು ಸಾಗಿಸುವವರು ಇದನ್ನು ಮರೆಯಬಾರದು.

ಟಿ.ಇ. 20ರಲ್ಲಿ ಒಂದು ಕೊರತೆ ಉಳಿದಿತ್ತು. ಕ್ಲಚ್ಚು ಒತ್ತಿದರೆ ಚಕ್ರಗಳ ಜೊತೆ ಪಂಪೂ ನಿಲ್ಲುತ್ತಿತ್ತು. ಇದರ ಮುಂದಿನ 35ರ ಮಾದರಿಯಲ್ಲಿ ಎರಡು ಹಂತದ ಕ್ಲಚ್ಚು ಬಂದಿತು. ಅರ್ಧ ಒತ್ತಿದರೆ ಟ್ರ್ಯಾಕ್ಟರು ಮಾತ್ರ ನಿಲ್ಲುತ್ತದೆ, ಪಂಪು ನಡೆಯುತ್ತಲೇ ಇರುತ್ತದೆ; ಪೂರ್ತಿ ಒತ್ತಿದರೆ ಎರಡೂ ನಿಲ್ಲುತ್ತವೆ. ಮುಂದಿನ ಗೇರುಗಳೂ ನಾಲ್ಕರಿಂದ ಆರಾದವು.

ಕೊನೆಯ ದಿನಗಳು

ಯಂತ್ರ ಮಾರಿದರೆ ಸಾಲದು, ಅದನ್ನು ನಡೆಸುವ ವಿದ್ಯೆಯನ್ನೂ ಕೊಡಬೇಕೆಂಬುದು ಫರ್ಗುಸನ್ನನ ನಂಬಿಕೆ. ಆದ್ದರಿಂದ ಇಂಗ್ಲೆಂಡಿನ ಸ್ಟೋನ್‌ಲೀ ಎಂಬಲ್ಲಿ ಅವನ ಕಂಪನಿ ತರಬೇತಿ ಶಾಲೆ ನಡೆಸಿತು. ಅವನಲ್ಲಿ ದೋಷಗಳೂ ಇದ್ದವು. ಮುಂಗೋಪಿ, ತನ್ನ ಮಾತೇ ನಡೆಯಬೇಕೆಂಬ ಹಟ. ಜೊತೆಗೂಡಿದವರಲ್ಲಿ ಹಲವರು ಅವನಿಂದ ದೂರವಾದರು. 1953ರಲ್ಲಿ ತನ್ನ ಕಂಪನಿಯನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಕಂಪನಿಯೊಂದಿಗೆ ಸೇರಿಸಿದನು. ಬೆಲೆಯಲ್ಲಿ ಹತ್ತು ಲಕ್ಷ ಡಾಲರಿನ ವ್ಯತ್ಯಾಸ ಬಂದಾಗ ನಾಣ್ಯ ಚಿಮ್ಮಿ ನಿರ್ಧರಿಸಿದರು, ಫರ್ಗುಸನ್ ಸೋತನು. ಮರುವರ್ಷವೇ ಹೊಸ ಕಂಪನಿಯಿಂದಲೂ ಹೊರಬಂದನು. ಆ ಕಂಪನಿಗೆ 1958ರಲ್ಲಿ ಮ್ಯಾಸಿ ಫರ್ಗುಸನ್ ಎಂಬ ಹೆಸರಾಯಿತು.

ಮುಪ್ಪಿನಲ್ಲಿಯೂ ಅವನು ಸುಮ್ಮನೆ ಕುಳಿತವನಲ್ಲ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರುಗಳ ಪ್ರಯೋಗ ಮಾಡಿಸಿದನು. ಆ ಪದ್ಧತಿಯ ಪಂದ್ಯದ ಕಾರು 1961ರಲ್ಲಿ ಇಂಗ್ಲೆಂಡಿನ ಓಲ್ಟನ್ ಪಾರ್ಕಿನಲ್ಲಿ ಗೆದ್ದಿತು. ಅದನ್ನು ಕಾಣಲು ಅವನಿರಲಿಲ್ಲ. 1960ರ ಅಕ್ಟೋಬರ್ 25ರಂದು, ತನ್ನ ಎಪ್ಪತ್ತೈದನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಸ್ಟೋ ಎಂಬ ಊರಿನ ಬಳಿಯ ತನ್ನ ಮನೆಯಲ್ಲಿ ಅವನು ತೀರಿಕೊಂಡನು. ಅದೇ ವರ್ಷ ಮದರಾಸಿನಲ್ಲಿ, ಮ್ಯಾಸಿ ಫರ್ಗುಸನ್ ಸಹಯೋಗದಿಂದ ಟ್ರ್ಯಾಕ್ಟರು ತಯಾರಿಸುವ ಟಾಫೆ ಕಂಪನಿ ಸ್ಥಾಪನೆಯಾಯಿತು. ಹೀಗೆ ಅವನ ಹೆಸರು ನಮ್ಮ ದೇಶದ ಹೊಲಗಳಿಗೂ ಬಂದಿತು.

ವಿದ್ಯಾರ್ಥಿ ಮಿತ್ರರೇ, ನೇಗಿಲು, ಗೇರು, ಪಂಪು, ಎಣ್ಣೆ, ಇವೆಲ್ಲ ಫರ್ಗುಸನ್ನನಿಗಿಂತ ಮುಂಚೆಯೂ ಇದ್ದವು. ಬಿಡಿಬಿಡಿಯಾಗಿದ್ದ ಅವುಗಳನ್ನು ಒಂದರ ಕಷ್ಟಕ್ಕೆ ಇನ್ನೊಂದು ಒದಗುವಂತೆ ಹೊಂದಿಸಿದ್ದೇ ಅವನ ಹಿರಿಮೆ. ಹೀಗೆ ಹೊಂದಿದ ಯಂತ್ರದಲ್ಲಿ ಒಂದು ಅಂಗವನ್ನು ಅಲಕ್ಷಿಸಿದರೆ ಉಳಿದವೂ ಕೆಡುತ್ತವೆ. ಅಗ್ಗದ ಎಣ್ಣೆಯಿಂದ ಉಳಿಸಿದ ನಾಲ್ಕು ರೂಪಾಯಿ, ಹಂಗಾಮಿನ ನಡುವೆ ಟ್ರ್ಯಾಕ್ಟರು ನಿಂತ ದಿನ ನಾಲ್ಕು ಸಾವಿರದ ಹಾನಿಯಾದೀತು. ನಿಮ್ಮ ತಂದೆಯವರಿಗೋ ಕಾಕಾನಿಗೋ ಟ್ರ್ಯಾಕ್ಟರಿದ್ದರೆ ಅದರ ಜೊತೆ ಬಂದ ಪುಸ್ತಕವನ್ನು ಹುಡುಕಿ ತೆಗೆಯಿರಿ. ಯಾವ ಎಣ್ಣೆ, ಎಷ್ಟು ತಾಸಿನ ಕೆಲಸಕ್ಕೊಮ್ಮೆ ಬದಲಿಸಬೇಕು ಎಂಬುದನ್ನು ಅವರಿಗೆ ಓದಿ ಹೇಳಿರಿ. ಶಾಲೆಯಲ್ಲಿ ಕಲಿತ ಅಕ್ಷರ ಹೊಲಕ್ಕೆ ಉಪಯೋಗವಾಗುವುದು ಹೀಗೆಯೇ.